ಗುಣವೋ, ಸೋಗೋ? ಓದುಗರ ಪ್ರಶ್ನೆ, ಬಳಗದ ಉತ್ತರ

ಈ ಸಲದ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟು ಬಿಚ್ಚಲು ಕೇಳಿದ್ದವು: ಎದುರಿಗಿರುವವರು ತೋರಿಸುತ್ತಿರುವುದು ಅವರ ಗುಣವೋ, ನಮಗಾಗಿ ಹಾಕಿಕೊಂಡ ಸೋಗೋ? ಆಪ್ತಸಮಾಲೋಚನೆ, ಸಿಬ್ಬಂದಿ ನೇಮಕ, ಕೌಟುಂಬಿಕ ಕಾನೂನು ಈ ಮೂರು ಕಡೆ ಪಳಗಿದ ನಮ್ಮ ಬಳಗದವರು ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಮಗಳಿಗೆ ಒಂದು ಸಂಬಂಧ ಬಂದಿದೆ. ಗಂಡಿನ ಕಡೆಯವರು ಎರಡು ಸಲ ಬಂದು ಹೋದರು. ಹುಡುಗ ಬಂದ ಕೂಡಲೇ ನಮ್ಮ ಅತ್ತೆಯವರ ಕಾಲಿಗೆ ನಮಸ್ಕಾರ ಮಾಡಿದ, ತಿಂಡಿ ತಿಂದ ತಟ್ಟೆ ತಾನೇ ಎತ್ತಿಟ್ಟ, ಮಾತು ಮೆತ್ತಗೆ. ಮನೆಯವರಿಗೆಲ್ಲ ಹಿಡಿಸಿದ್ದಾನೆ. ನನಗೆ ಮಾತ್ರ ಇಷ್ಟು ಬೇಗ ನಂಬಲು ಭಯ. ಇದೇ ಅವನ ನಿಜವಾದ ನಡತೆಯೇ ಎಂದು ತಿಳಿಯುವ ದಾರಿ ಇದೆಯೇ?
(ಶಿವಮೊಗ್ಗ)

ಇದೆ. ಆದರೆ ಅದು ನಿಮ್ಮ ಮನೆಯ ಹಾಲ್‌ನಲ್ಲಿ ಸಿಗುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರ ಇರುವುದೇ ಎರಡೂ ಕಡೆಯವರು ತಮ್ಮ ಒಳ್ಳೆಯ ಮುಖ ತೋರಿಸಲಿಕ್ಕೆ. ಅವತ್ತು ನೀವೂ ಮನೆ ಒರೆಸಿ, ಶೋಕೇಸಿನಲ್ಲಿದ್ದ ಕಪ್ಪು ಬಸಿ ಕೆಳಗಿಳಿಸಿರುತ್ತೀರಿ. ಆದ್ದರಿಂದ ಅವನು ತಟ್ಟೆ ಎತ್ತಿದ್ದನ್ನು ಕಪಟ ಎನ್ನಬೇಡಿ, ಗುಣ ಎಂದೂ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಎಲ್ಲರ ಕಣ್ಣೂ ತನ್ನ ಮೇಲಿರುವಾಗ, ಕೈಯಿಂದ ಏನೂ ಹೋಗದ ಕೆಲಸವನ್ನು ಯಾರಾದರೂ ಚೆನ್ನಾಗಿಯೇ ಮಾಡುತ್ತಾರೆ. ಗುಣ ಕಾಣುವುದು ನೋಡುವವರಿಲ್ಲದ ಕಡೆ, ತನಗೆ ಸ್ವಲ್ಪ ನಷ್ಟವೋ ತೊಂದರೆಯೋ ಆಗುವ ಕಡೆ. ಅದೂ ಒಂದು ಸಲ ಕಂಡರೆ ಸಾಲದು, ಮತ್ತೆ ಮತ್ತೆ ಕಾಣಬೇಕು.

ಈ ‘ಮತ್ತೆ ಮತ್ತೆ’ಗೆ ಗಟ್ಟಿ ಕಾರಣವಿದೆ. ಸೆಮೂರ್ ಎಪ್‌ಸ್ಟೈನ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರ ಒಂದು ದಿನದ ನಡತೆಗೂ ಇನ್ನೊಂದು ದಿನದ ನಡತೆಗೂ ಹೊಂದಾಣಿಕೆ ಕಡಿಮೆ ಇತ್ತು. ಹಲವು ದಿನಗಳ ಸರಾಸರಿ ತೆಗೆದಾಗ ಮಾತ್ರ ಮನುಷ್ಯನ ಸ್ವಭಾವ ಸ್ಥಿರವಾಗಿ ಕಂಡಿತು. ಒಂದು ಭೇಟಿ ನೋಡಿ ಒಪ್ಪುವುದು ಎಷ್ಟು ತಪ್ಪೋ, ಒಂದು ಭೇಟಿ ನೋಡಿ ತಿರಸ್ಕರಿಸುವುದೂ ಅಷ್ಟೇ ತಪ್ಪು. 1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಪಾದ್ರಿ ತರಬೇತಿಯಲ್ಲಿದ್ದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿ, ದಾರಿಯಲ್ಲಿ ನರಳುತ್ತ ಕುಳಿತ ಒಬ್ಬನನ್ನು ಇರಿಸಿದ್ದರು. ಸಮಯವಿದ್ದವರಲ್ಲಿ ಶೇ 63 ಮಂದಿ ನಿಂತು ವಿಚಾರಿಸಿದರು. ‘ತಡವಾಯಿತು, ಓಡು’ ಎಂದು ಕಳಿಸಿದವರಲ್ಲಿ ನಿಂತವರು ಶೇ 10 ಮಾತ್ರ. ಆ ಶೇ 10ಕ್ಕೂ ಶೇ 63ಕ್ಕೂ ನಡುವಿನ ಅಂತರ ಹುಟ್ಟಿದ್ದು ಅವಸರದಿಂದ, ದುಷ್ಟತನದಿಂದಲ್ಲ.

ಈಗ ಮಾಡಬೇಕಾದ ಕೆಲಸ. ಮಗಳು ಮತ್ತು ಹುಡುಗ ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ ಐದಾರು ಸಲ ಭೇಟಿಯಾಗಲಿ, ಎಲ್ಲ ಸಲವೂ ಕಾಫಿ ಅಂಗಡಿಯಲ್ಲೇ ಬೇಡ. ಒಂದು ಸಲ ರಶ್ ಇರುವ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗಿಬರಲಿ. ಒಂದು ಸಲ ಅವನ ಗೆಳೆಯರ ಜೊತೆ, ಒಂದು ಸಲ ಅವನ ಮನೆಗೆ, ಅದೂ ಹಿಂದಿನ ದಿನವಷ್ಟೇ ತಿಳಿಸಿ. ಹೋಟೆಲಿನಲ್ಲಿ ಆರ್ಡರ್ ತಪ್ಪಾಗಿ ಬಂದಾಗ ಸಪ್ಲೈಯರ್ ಹುಡುಗನನ್ನು ಏಕವಚನದಲ್ಲಿ ಗದರಿದನೋ, ಬದಲಾಯಿಸಿ ಕೊಡಿ ಎಂದನೋ? ಅವನ ಮನೆಯಲ್ಲಿ ನೀರು ಬೇಕಾದಾಗ ಎದ್ದು ತಂದುಕೊಂಡನೋ, ಕೂತಲ್ಲಿಂದಲೇ ಅಮ್ಮನನ್ನು ಕೂಗಿದನೋ? ಮುಂದೆ ಇವಳನ್ನೂ ಹಾಗೆಯೇ ಕೂಗುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ‘ಆಗಲ್ಲ’ ಎಂಬ ಒಂದು ಸಣ್ಣ ಮಾತು. ಮಗಳು ನಿಜವಾದ ಕಾರಣಕ್ಕೆ ಒಂದು ಭೇಟಿಯನ್ನು ಮುಂದೂಡಲಿ: ‘ಈ ಭಾನುವಾರ ಆಗಲ್ಲ, ಅಜ್ಜಿಗೆ ಹುಷಾರಿಲ್ಲ.’ ಆಮೇಲಿನ ಎರಡು ದಿನ ಗಮನಿಸಿ. ‘ಹೌದಾ, ಅಜ್ಜಿ ಹೇಗಿದ್ದಾರೆ? ಮುಂದಿನ ವಾರ ನೋಡೋಣ’ ಎಂದು ಅಲ್ಲಿಗೆ ಬಿಟ್ಟರೆ ಒಳ್ಳೆಯದು. ಮೊದಲು ‘ಪರವಾಗಿಲ್ಲ’ ಅಂದು, ರಾತ್ರಿ ಮೂರು ಮೆಸೇಜು, ಬೆಳಿಗ್ಗೆ ‘ನಿನಗೆ ಇಷ್ಟ ಇಲ್ಲ ಅನ್ಸುತ್ತೆ’, ಮಧ್ಯಾಹ್ನ ಅವನ ತಾಯಿಯ ಫೋನು ಬಂದರೆ, ಆ ‘ಪರವಾಗಿಲ್ಲ’ ಬರೀ ಬಾಯಿಮಾತಾಗಿತ್ತು. ಸೋಗು ಮೊದಲು ಬಿರುಕು ಬಿಡುವುದು ತನ್ನಿಷ್ಟ ನಡೆಯದ ಕಡೆ. ಆದರೆ ಇದಕ್ಕಾಗಿ ಸುಳ್ಳು ಕಾರಣ ಹುಟ್ಟಿಸಬೇಡಿ. ಆಗ ಸೋಗು ಹಾಕಿದವರು ನೀವಾಗುತ್ತೀರಿ.

ವಿಚಾರಣೆಯನ್ನೂ ಸರಿಯಾಗಿ ಮಾಡಿ. ‘ಹುಡುಗ ಹೇಗೆ?’ ಎಂದು ಕೇಳಿದರೆ ಊರಿಗೆ ಊರೇ ‘ಒಳ್ಳೇ ಹುಡುಗ’ ಎನ್ನುತ್ತದೆ, ಮದುವೆ ಮುರಿದ ಪಾಪ ಯಾರಿಗೂ ಬೇಡ. ನಡೆದದ್ದನ್ನು ಕೇಳಿ. ಹಿಂದೆ ಬಾಡಿಗೆಗಿದ್ದ ಮನೆಯ ಮಾಲೀಕರಿಗೆ: ಬಾಡಿಗೆ ಎಷ್ಟನೇ ತಾರೀಖಿಗೆ ಬರುತ್ತಿತ್ತು, ಮನೆ ಬಿಡುವಾಗ ಅಡ್ವಾನ್ಸ್ ಲೆಕ್ಕದಲ್ಲಿ ಮಾತಾಯಿತೇ? ರೂಮಿನಲ್ಲಿ ಜೊತೆಗಿದ್ದವರಿಗೆ: ಅಡುಗೆ ಸರದಿ ತಪ್ಪಿಸುತ್ತಿದ್ದನೇ, ಕೈಸಾಲ ವಾಪಸ್ ಮಾಡಲು ಎಷ್ಟು ಸಲ ಕೇಳಬೇಕಿತ್ತು, ವಾರದಲ್ಲಿ ಎಷ್ಟು ದಿನ ಕುಡಿತ? ಕೆಲಸದಲ್ಲಿ ಅವನ ಮೇಲಿನವರಿಗಿಂತ ಕೆಳಗಿನವರನ್ನು ಕೇಳಿ. ಅವರೇ ಹೆಸರು ಕೊಟ್ಟ ಚಿಕ್ಕಪ್ಪನೊಬ್ಬನ ಮಾತು ಸಾಕಾಗುವುದಿಲ್ಲ. ಬೇರೆ ಬೇರೆ ಕಡೆಯ ಮೂವರ ಮಾತು ಒಂದೇ ದಿಕ್ಕಿಗೆ ಹೋದರೆ ನಂಬಬಹುದು. ಸಂಬಳದ ಚೀಟಿ, ಸಾಲದ ವಿವರ, ಸಿಬಿಲ್ ವರದಿ ಎರಡೂ ಕಡೆಯಿಂದ ಕೈ ಬದಲಾಗಲಿ. ಕೇಳುವ ಮೊದಲು ನಿಮ್ಮ ಕಡೆಯದನ್ನು ಮುಂದಿಟ್ಟರೆ ಯಾರಿಗೂ ಅವಮಾನವಿಲ್ಲ.

ಇನ್ನು ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ನಿಮ್ಮಿಷ್ಟ’ ಎಂಬ ಮಾತು. ಎಷ್ಟೋ ಮನೆಗಳಲ್ಲಿ ಇದು ಮನಸಾರೆ ಹೇಳಿದ ಮಾತು, ಎಷ್ಟೋ ಮನೆಗಳಲ್ಲಿ ಬೇಡಿಕೆಯ ಮೊದಲ ಸಾಲು. ಬೇರ್ಪಡಿಸುವುದು ಸುಲಭ. ದಿನಾಂಕ ಗೊತ್ತುಮಾಡುವ ಮೊದಲೇ, ಹಿರಿಯರೆಲ್ಲ ಇರುವಾಗ ಸ್ಪಷ್ಟವಾಗಿ ಹೇಳಿ: ‘ನಾವು ವರದಕ್ಷಿಣೆ ಕೊಡುವವರಲ್ಲ, ಚಿನ್ನ, ಕಾರು ಯಾವ ರೂಪದಲ್ಲೂ.’ 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ‘ಸರಿ, ಬಹಳ ಸಂತೋಷ’ ಎಂಬ ಉತ್ತರ ಆಗಲೇ ಬರುತ್ತದೆಯೋ, ‘ನೋಡೋಣ, ನಮ್ಮಲ್ಲಿ ಪದ್ಧತಿ ಅಂತ ಒಂದಿದೆ’ ಎಂಬ ಎಳೆ ಶುರುವಾಗುತ್ತದೆಯೋ ಕಿವಿಗೊಟ್ಟು ಕೇಳಿ. ಆ ಎಳೆ ಶುರುವಾದರೆ ಸಂಬಂಧವನ್ನು ಅಲ್ಲಿಗೇ ಬಿಡಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವರು ಸುಳ್ಳು ಹೇಳುತ್ತಾರೆ, ನಿಜವಾದ ನಗು ಕಣ್ಣಿನಲ್ಲಿ ಕಾಣುತ್ತದೆ ಎನ್ನುತ್ತಾರೆ. ಮುಖ ನೋಡಿ ಕಂಡುಹಿಡಿಯುವುದನ್ನು ಕಲಿಯಬಹುದೇ?
(ತುಮಕೂರು)

ಅದನ್ನು ನೆಚ್ಚಿಕೊಳ್ಳಬೇಡಿ. ಸುಳ್ಳು ಗುರುತಿಸುವ ಪರೀಕ್ಷೆಗಳನ್ನೆಲ್ಲ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಒಟ್ಟುಗೂಡಿಸಿ ನೋಡಿದರು. 24,000ಕ್ಕೂ ಹೆಚ್ಚು ಜನರ ತೀರ್ಪುಗಳಲ್ಲಿ ಸರಿಯಾದದ್ದು ಸುಮಾರು ಶೇ 54. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದೆ. ಕಣ್ಣು ತಪ್ಪಿಸುವುದು ನಮ್ಮಲ್ಲಿ ಎಷ್ಟೋ ಸಲ ಹಿರಿಯರ ಮುಂದಿನ ಸಂಕೋಚ, ಮರ್ಯಾದೆ. ಚೆನ್ನಾಗಿ ಸುಳ್ಳು ಹೇಳುವವನಾದರೋ ನೆಟ್ಟ ಕಣ್ಣಿನಿಂದಲೇ ಹೇಳುತ್ತಾನೆ, ಏಕೆಂದರೆ ಈ ನಂಬಿಕೆ ಅವನಿಗೂ ಗೊತ್ತು.

ನಗುವಿನ ಮಾತು 1862ರಷ್ಟು ಹಳೆಯದು. ಫ್ರಾನ್ಸಿನ ವೈದ್ಯ ಡುಷೆನ್, ತುಟಿಯ ಮೂಲೆ ಎತ್ತುವ ಸ್ನಾಯು ನಮ್ಮ ಮಾತು ಕೇಳುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ ಎಂದ. ಆದರೆ ಕಣ್ಣಂಚು ಸುಕ್ಕಾಗುವ ಆ ನಗುವನ್ನೂ ಬಹಳ ಜನ ಬೇಕೆಂದಾಗ ತರಬಲ್ಲರು ಎಂದು ಮುಂದಿನ ಅಧ್ಯಯನಗಳು ತೋರಿಸಿವೆ. ನಮ್ಮ ನಾಟ್ಯಶಾಸ್ತ್ರಕ್ಕೆ ಇದು ಹೊಸ ವಿಷಯವೇನಲ್ಲ. ಸ್ತಂಭ (ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಒಡೆಯುವುದು), ವೇಪಥು (ನಡುಕ), ವೈವರ್ಣ್ಯ (ಮುಖದ ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಲಯ (ಮೂರ್ಛೆ) ಎಂಬ ಎಂಟು ಸಾತ್ವಿಕ ಭಾವಗಳು ಮನಸ್ಸಿನ ಏಕಾಗ್ರತೆಯಿಂದಲೇ ಹುಟ್ಟಬೇಕು, ಕೈಕಾಲು ಆಡಿಸಿದರೆ ಬರುವಂಥವಲ್ಲ. ಆದರೂ ಅವು ಅಭಿನಯದ ಪಟ್ಟಿಯಲ್ಲೇ ಇವೆ. ಪಳಗಿದ ನಟ ಬೆವರನ್ನೂ ಕಣ್ಣೀರನ್ನೂ ತರಬಲ್ಲ ಎಂದಮೇಲೆ ಕಣ್ಣೀರು ಸಾಕ್ಷಿ ಹೇಗಾದೀತು?

ಮುಖದ ಬದಲು ಮಾತಿನ ವಿವರ ಹಿಡಿಯಿರಿ. ‘ಹಿಂದಿನ ಕೆಲಸ ಬಿಟ್ಟೆ’ ಎಂದರೆ ಯಾವ ತಿಂಗಳು, ಯಾರಿಗೆ ರಾಜೀನಾಮೆ ಕೊಟ್ಟಿರಿ, ಆಮೇಲೆ ಎಷ್ಟು ದಿನ ಖಾಲಿ ಇದ್ದಿರಿ ಎಂದು ಕೇಳಿ. ಹೊರಗೆ ಹೋಗಿ ತಾಳೆ ನೋಡಬಹುದಾದ ಉತ್ತರಗಳು ಎಷ್ಟು ಬಂದವು ಎಂದು ಎಣಿಸಿ. ನಡೆದದ್ದನ್ನು ಹೇಳುವವರು ಹೆಸರು, ಜಾಗ, ದಿನ ಕೊಡಲು ಹಿಂಜರಿಯುವುದಿಲ್ಲ, ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಹೇಳುತ್ತಾರೆ.

ಮದುವೆಯ ವೆಬ್‌ಸೈಟಿನಲ್ಲಿ ಪರಿಚಯವಾದವರು ಲಂಡನ್ನಿನಲ್ಲಿ ಡಾಕ್ಟರ್ ಅಂತೆ. ಎರಡು ತಿಂಗಳಿಂದ ದಿನಾ ಮಾತು. ಉಡುಗೊರೆ ಕಳಿಸಿದ್ದೇನೆ, ಕಸ್ಟಮ್ಸ್‌ನಲ್ಲಿ ನಿಂತಿದೆ, 45,000 ರೂಪಾಯಿ ಕಟ್ಟು ಎನ್ನುತ್ತಿದ್ದಾರೆ. ಇಷ್ಟು ಪ್ರೀತಿಯಿಂದ ಮಾತಾಡುವವರು ಮೋಸ ಮಾಡುತ್ತಾರೆಯೇ?
(ಮೈಸೂರು)

ಕಟ್ಟಬೇಡಿ. ಇದು ಪೂರ್ತಿ ಸೋಗು, ಸಂದೇಹಕ್ಕೆ ಎಡೆಯೇ ಇಲ್ಲ. ಕಸ್ಟಮ್ಸ್ ಇಲಾಖೆ ಯಾರದೋ ಖಾಸಗಿ ಬ್ಯಾಂಕ್ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ. ಎರಡು ತಿಂಗಳ ಪ್ರೀತಿಯ ಮಾತೇ ಅವರ ಬಂಡವಾಳ, ಒಂದೇ ಗುಂಪು ಒಂದೇ ಹೊತ್ತಿಗೆ ಹಲವರ ಜೊತೆ ಅದೇ ಮಾತು ನಡೆಸುತ್ತಿರುತ್ತದೆ. ಮೊದಲ ಕಂತು ಕಟ್ಟಿದರೆ ದಂಡ, ತೆರಿಗೆ, ‘ಅಧಿಕಾರಿಯ ಖರ್ಚು’ ಎಂದು ಎರಡನೆಯದು, ಮೂರನೆಯದು ಬರುತ್ತವೆ. ಈಗಾಗಲೇ ಹಣ ಕಳಿಸಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಗಂಟೆಗಳು ಕಳೆದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರಿ ತಡೆಹಿಡಿಯುವುದು ಕಷ್ಟ. ಮಾತುಕತೆಯ ಸ್ಕ್ರೀನ್‌ಶಾಟ್, ಖಾತೆ ಸಂಖ್ಯೆ, ಫೋನ್ ನಂಬರ್ ಅಳಿಸದೆ ಇಟ್ಟುಕೊಳ್ಳಿ. ನಂಬಿದ್ದಕ್ಕೆ ನಾಚಿಕೆ ಪಡಬೇಡಿ. ನಾಚಿಕೆಯಿಂದ ಸುಮ್ಮನಾದವರಿಂದಲೇ ಈ ದಂಧೆ ಬದುಕಿದೆ.

ನಮ್ಮದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಗೆ ಕೂರಿಸಿದ ಇಬ್ಬರು ಹುಡುಗರೂ ಕೆಲಸ ಕೇಳಲು ಬಂದಾಗ ಬಹಳ ವಿನಯ, ‘ಅಣ್ಣಾರ, ನಿಮ್ಮ ಮನಿ ಮಗಾ ಇದ್ದಂಗ ಇರ್ತೀನ್ರಿ’ ಎಂದವರು. ಆಮೇಲೆ ಲೆಕ್ಕದಲ್ಲಿ ಕೊರತೆ. ಮೂರನೆಯವರನ್ನು ಆರಿಸುವುದು ಹೇಗೆ? 500ರ ನೋಟು ಬೇಕಂತಲೇ ಬೀಳಿಸಿ ಪರೀಕ್ಷೆ ಮಾಡಲೇ?
(ಹುಬ್ಬಳ್ಳಿ)

ನೋಟು ಬೀಳಿಸುವುದು ಬೇಡ. ಎತ್ತಿಟ್ಟುಕೊಂಡರೆ ಅವನಿಗೆ ಅವತ್ತು ದುಡ್ಡಿನ ತುರ್ತು ಇತ್ತು ಎಂದಾಗಬಹುದು, ತಂದುಕೊಟ್ಟರೆ ನಿಮ್ಮ ಬಲೆ ಅವನಿಗೆ ಗೊತ್ತಾಗಿತ್ತು ಎಂದಾಗಬಹುದು. ಎರಡರಿಂದಲೂ ನಿಮಗೆ ತಿಳಿಯುವುದು ಕಡಿಮೆ. ವಿಷಯ ಹೊರಬಿದ್ದರೆ ನೆಟ್ಟಗಿರುವ ಕೆಲಸಗಾರನೂ ಬೇಸತ್ತು ಹೋಗುತ್ತಾನೆ.

ಪ್ರಾಮಾಣಿಕತೆ ರಕ್ತದ ಗುಂಪಿನಂತೆ ಎಲ್ಲ ಕಡೆ ಒಂದೇ ಇರುತ್ತದೆ ಎಂದುಕೊಳ್ಳುವುದರಿಂದಲೇ ಈ ತೊಂದರೆ. ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಅಮೆರಿಕದಲ್ಲಿ 10,000ಕ್ಕೂ ಹೆಚ್ಚು ಮಕ್ಕಳನ್ನು ತರಗತಿಯಲ್ಲಿ, ಆಟದಲ್ಲಿ, ಮನೆಯಲ್ಲಿ ಪರೀಕ್ಷಿಸಿ 1928ರಿಂದ 1930ರವರೆಗೆ ವರದಿ ಮಾಡಿದರು. ಒಂದು ಕಡೆ ಮೋಸ ಮಾಡದ ಮಗು ಇನ್ನೊಂದು ಕಡೆ ಮಾಡಿತು. ಸಿಕ್ಕಿಬೀಳುವ ಸಾಧ್ಯತೆ, ಸುತ್ತಲಿನವರು ಏನು ಮಾಡುತ್ತಾರೆ ಎಂಬುದು ದೊಡ್ಡ ವ್ಯತ್ಯಾಸ ಮಾಡಿದವು. ಹಾಗಾಗಿ ಒಳ್ಳೆಯ ಹುಡುಗನನ್ನು ಹುಡುಕುವುದು ಅರ್ಧ ಕೆಲಸ, ಗಲ್ಲಾಪೆಟ್ಟಿಗೆಯ ವ್ಯವಸ್ಥೆ ಉಳಿದ ಅರ್ಧ.

ಆಯ್ಕೆಗೆ: ಬಂದವರಿಗೆಲ್ಲ ಒಂದೇ ಐದಾರು ಪ್ರಶ್ನೆ ಕೇಳಿ, ಉತ್ತರ ಬರೆದಿಡಿ. ‘ನೀನು ಪ್ರಾಮಾಣಿಕನೇ’ ಎಂಬ ಪ್ರಶ್ನೆಯಿಂದ ಏನೂ ಸಿಗದು. ‘ಹಿಂದಿನ ಅಂಗಡಿಯಲ್ಲಿ ಲೆಕ್ಕ ಕಡಿಮೆ ಬಿದ್ದ ಒಂದು ದಿನ ಏನು ಮಾಡಿದಿ?’ ಎಂದು ಕೇಳಿ. ‘ಒಂದು ದಿನಾನೂ ಬಿದ್ದಿಲ್ರಿ’ ಎಂಬ ಉತ್ತರಕ್ಕಿಂತ ‘80 ರೂಪಾಯಿ ಕಡಿಮೆ ಇತ್ತು, ಸಂಜೀನೇ ಮಾಲಕರಿಗೆ ಹೇಳಿದ್ಯ’ ಎಂಬುದು ಒಳ್ಳೆಯ ಉತ್ತರ. ದುಡ್ಡು ಮುಟ್ಟುವ ಕೆಲಸದಲ್ಲಿ ಒಮ್ಮೆಯೂ ತಪ್ಪಾಗದವರು ಇಲ್ಲ. ಹಿಂದಿನ ಮಾಲೀಕರಿಗೆ ಫೋನ್ ಮಾಡಿ ಎರಡೇ ಮಾತು ಕೇಳಿ: ಎಷ್ಟು ತಿಂಗಳು ಇದ್ದ, ಮತ್ತೆ ಬಂದರೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ? ಎರಡನೆಯದಕ್ಕೆ ತಕ್ಷಣ ‘ಓಹೋ’ ಎಂದರೋ, ತಡೆದು ‘ಹಂಗೇನಿಲ್ಲ’ ಎಂದರೋ ನೋಡಿ. ಕೊನೆಯ ಸಂಬಳ ಕೊಡದೆ ಕಳಿಸಿದ ಮಾಲೀಕ ಹುಡುಗನ ಮೇಲೆಯೇ ತಪ್ಪು ಹೊರಿಸುವುದುಂಟು, ಆದ್ದರಿಂದ ಹುಡುಗನ ಮಾತನ್ನೂ ಕೇಳಿ. ಆಮೇಲೆ ಏಳು ದಿನ ಸಂಬಳ ಕೊಟ್ಟೇ ಪ್ರಯೋಗಕ್ಕೆ ಇಟ್ಟುಕೊಳ್ಳಿ.

ಗಲ್ಲಾಪೆಟ್ಟಿಗೆಗೆ: ಒಂದು ಪೆಟ್ಟಿಗೆ, ಒಬ್ಬನೇ. ನೀವೂ ನಿಮ್ಮ ಮಗನೂ ನಡುವೆ ಕೈ ಹಾಕಿ ಚಹಾಕ್ಕೆ ದುಡ್ಡು ತೆಗೆದರೆ ಕೊರತೆ ಯಾರದು ಎಂದು ಯಾರೂ ಹೇಳಲಾರರು. ಬೆಳಿಗ್ಗೆ 2,000 ರೂಪಾಯಿ ಚಿಲ್ಲರೆ ಎಣಿಸಿ ಕೊಡಿ: 100ರ ನೋಟು 10, 50ರವು 10, 20ರವು 15, 10ರವು 20. ರಾತ್ರಿ ಅವನೇ ಎಣಿಸಲಿ, ನೀವು ಬಿಲ್ ಮೊತ್ತ ಹೇಳುವ ಮೊದಲು. ಮೊತ್ತ ಮೊದಲೇ ಗೊತ್ತಿದ್ದರೆ ಎಣಿಕೆ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ವ್ಯತ್ಯಾಸವನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದ ಜೊತೆ 30 ದಿನ ಬರೆಯಿರಿ.

ಆ ಪುಟವೇ ನಿಮಗೆ ಉತ್ತರ ಕೊಡುತ್ತದೆ. ಒಂದು ದಿನ 7 ರೂಪಾಯಿ ಹೆಚ್ಚು, ಒಂದು ದಿನ 12 ಕಡಿಮೆ, ಎರಡು ದಿನ ಸರಿ, ಇನ್ನೊಂದು ದಿನ 20 ಹೆಚ್ಚು ಎಂದಿದ್ದರೆ ಅದು ಕೈತಪ್ಪು. ಕೈತಪ್ಪು ಎರಡೂ ಕಡೆಗೆ ಬೀಳುತ್ತದೆ. ಯಾವಾಗಲೂ ಕಡಿಮೆಯೇ, ಅದೂ 50, 100 ಎಂಬ ಇಡಿ ಮೊತ್ತವೇ, ಅದೂ ನೀವು ಮಾಲು ತರಲು ಹೋದ ದಿನಗಳಲ್ಲೇ ಎಂದಾದರೆ ಅದನ್ನು ಕೈತಪ್ಪು ಎನ್ನಲಾಗದು. ಹಾಗಿದ್ದರೂ ಒಂದು ದಿನದ 100 ನೋಡಿ ಕಳ್ಳ ಎನ್ನಬೇಡಿ, ಗಿರಾಕಿಗೆ ಒಂದು ನೋಟು ಹೆಚ್ಚು ಹೋಗಿರಬಹುದು. ಇನ್ನೆರಡು ಕಡೆ ಕಣ್ಣಿಡಿ. ಒಂದು, ಹೊಡೆದ ಮೇಲೆ ರದ್ದು ಮಾಡಿದ ಬಿಲ್ಲುಗಳು. ಇನ್ನೊಂದು, ಕೌಂಟರಿನ ಕ್ಯೂಆರ್ ಕೋಡ್. ಬೇರೆ ಖಾತೆಯ ಚೀಟಿ ಅಂಟಿಸುವುದು ಅರ್ಧ ನಿಮಿಷದ ಕೆಲಸ. ವಾರಕ್ಕೊಮ್ಮೆ ನಿಮ್ಮ ಫೋನಿನಿಂದಲೇ 1 ರೂಪಾಯಿ ಕಳಿಸಿ, ಬರುವ ಹೆಸರು ನಿಮ್ಮ ಅಂಗಡಿಯದೇ ಎಂದು ನೋಡಿ.

ಆಸ್ಪತ್ರೆಯೊಂದರ ಸ್ವಾಗತ ಕೌಂಟರಿನಲ್ಲಿ ಕೆಲಸ. ಎಂಟು ಗಂಟೆ ನಗುತ್ತಲೇ ಇರಬೇಕು. ಮನೆಗೆ ಬಂದರೆ ಮಗ ಮಾತಾಡಿಸಿದರೂ ಸಿಡಿಮಿಡಿ. ಹೊರಗೆ ನಾಟಕ, ಒಳಗೆ ನಿಜ ಎಂದಾದರೆ ನಾನು ಸೋಗಲಾಡಿಯೇ?
(ಮಂಗಳೂರು)

ಅಲ್ಲ. ನಿಮ್ಮ ನಗುವಿನಿಂದ ರೋಗಿಗೆ ಧೈರ್ಯ ಬರುತ್ತದೆ, ಯಾರಿಗೂ ನಷ್ಟವಿಲ್ಲ. ಸೋಗು ಎನ್ನುವುದು ಇನ್ನೊಬ್ಬರು ಅದನ್ನು ನಂಬಿ ಏನಾದರೂ ಕಳೆದುಕೊಳ್ಳುವಾಗ. ‘ಪಾತ್ರ’ ಎಂಬ ಒಂದೇ ಮಾತಿಗೆ ನಮ್ಮಲ್ಲಿ ವೇಷವೂ ಅರ್ಥ, ಪಾತ್ರೆಯೂ ಅರ್ಥ. ನೀವು ಹೊತ್ತ ಪಾತ್ರದೊಳಗೆ ನಿಜವಾದ ಕಾಳಜಿ ಇದ್ದರೆ ಅದು ಸುಳ್ಳಾಗುವುದಿಲ್ಲ.

ಆದರೆ ದಣಿವು ನಿಜ. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ವಿಮಾನದ ಪರಿಚಾರಕಿಯರನ್ನೂ ಸಾಲ ವಸೂಲಿಗಾರರನ್ನೂ ಅಧ್ಯಯನ ಮಾಡಿ 1983ರಲ್ಲಿ ಇದಕ್ಕೆ ‘ಭಾವದುಡಿಮೆ’ ಎಂಬರ್ಥದ ಹೆಸರು ಕೊಟ್ಟರು. ಅವರು ಗುರುತಿಸಿದ ಬಗೆಗಳು ಎರಡು. ಒಳಗೆ ಕುದಿಯುತ್ತ ಮುಖದ ಮೇಲೆ ಮಾತ್ರ ನಗು ಅಂಟಿಸುವುದು ಒಂದು. ಎದುರಿನವರ ಕಷ್ಟವನ್ನು ಮನಸ್ಸಿಗೆ ತಂದುಕೊಂಡು ಭಾವವನ್ನೇ ಬದಲಿಸಿಕೊಳ್ಳುವುದು ಇನ್ನೊಂದು. ಹೆಚ್ಚು ಸುಸ್ತು ಮಾಡುವುದು ಮೊದಲನೆಯದು. ಕೂಗಾಡುವ ರೋಗಿಯ ಕಡೆಯವರು ಬಂದಾಗ ನಗು ಬಿಟ್ಟುಬಿಡಿ, ಅಲ್ಲಿ ನಗು ಅವರನ್ನೂ ಕೆರಳಿಸುತ್ತದೆ. ಶಾಂತವಾದ ಗಂಭೀರ ಮುಖ, ನಿಖರವಾದ ಮಾತು ಸಾಕು: ‘ಡಾಕ್ಟರ್ ಓಟಿಯಲ್ಲಿದ್ದಾರೆ, 20 ನಿಮಿಷ ಆಗಬಹುದು, ಬಂದ ಕೂಡಲೇ ನಾನೇ ಕರೆಯುತ್ತೇನೆ.’ ಹೀಗೆ ಎಲ್ಲಿ ನಗಬೇಕಾಗಿಲ್ಲವೋ ಅಲ್ಲಿ ಉಳಿಸಿದ ನಗು ಸಂಜೆಗೆ ಮಗನ ಪಾಲಿಗೆ ಬರುತ್ತದೆ.

ಮನೆ ಸೇರಿದ ಮೇಲೆ 15–20 ನಿಮಿಷ ನಿಮಗೆ ಬೇಕು. ನಿಮ್ಮ ಕರಾವಳಿಯ ಯಕ್ಷಗಾನ ಕಲಾವಿದರು ಆಟ ಮುಗಿದ ಮೇಲೆ ಚೌಕಿಯಲ್ಲಿ ಕೂತು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರಲ್ಲ, ಬಣ್ಣದಲ್ಲೇ ಮನೆಗೆ ಹೋಗುವುದಿಲ್ಲ. ನೀವೂ ಸಮವಸ್ತ್ರ ಬದಲಿಸಿ, ಮುಖ ತೊಳೆದು, ಒಂದು ಲೋಟ ಚಹಾ ಕುಡಿಯುವವರೆಗೆ ಮಾತು ಬೇಡ ಎಂದು ಮಗನಿಗೆ ಮೊದಲೇ ಹೇಳಿಡಿ: ‘ಪುಟ್ಟಾ, ಗಡಿಯಾರದ ಮುಳ್ಳು ಆರಕ್ಕೆ ಬಂದ ಮೇಲೆ ನಾನು ನಿನ್ನವಳು.’ ಹೇಳಿದ ಹೊತ್ತಿಗೆ ತಪ್ಪದೆ ಹೋಗಿ ಕೂರಿ. ಒಂದು ವಾರದಲ್ಲಿ ಅವನು ಕಾಯುವುದನ್ನು ಕಲಿಯುತ್ತಾನೆ.

ಗಂಡ ಊರಿಗೆ ಉಪಕಾರಿ, ಮನೆಗೆ ಮಾರಿ. ಹೊರಗೆ ಎಲ್ಲರಿಗೂ ‘ಸರ್, ಅಮ್ಮ’ ಎನ್ನುವವರು ಒಳಗೆ ಬಂದು ಬಾಗಿಲು ಹಾಕಿದ ಕೂಡಲೇ ಬೈಗುಳ, ಎರಡು ಸಲ ಕೈ ಎತ್ತಿದ್ದಾರೆ. ಸಂಬಳ ನನಗೆ ಕಾಣಿಸುವುದಿಲ್ಲ. ‘ನನ್ನ ಗುಣವೇ ಹೀಗೆ, ಸಿಟ್ಟು ತಡೆಯಕ್ಕಾಗಲ್ಲ’ ಎನ್ನುತ್ತಾರೆ. ಯಾರಿಗೆ ಹೇಳಿದರೂ ನಂಬುವುದಿಲ್ಲ.
(ದಾವಣಗೆರೆ)

ನಾವು ನಂಬುತ್ತೇವೆ. ಸಿಟ್ಟು ತಡೆಯಲಾಗುವುದಿಲ್ಲ ಎಂಬ ಮಾತನ್ನು ಒರೆಗೆ ಹಚ್ಚಲು ಒಂದೇ ಪ್ರಶ್ನೆ ಸಾಕು: ಮೇಲಧಿಕಾರಿ ಎಲ್ಲರ ಮುಂದೆ ಬೈದಾಗ ಅವರು ಕೈ ಎತ್ತುತ್ತಾರೆಯೇ? ಎತ್ತುವುದಿಲ್ಲ ಎಂದರೆ ತಡೆಯುವ ಶಕ್ತಿ ಇದೆ. ಬಾಗಿಲು ಹಾಕಿದ ಮೇಲೆ ಅದನ್ನು ಬಳಸುತ್ತಿಲ್ಲ, ಅಷ್ಟೆ. ಬಾಗಿಲು ಹಾಕುವುದೇ ಅದಕ್ಕೆ ಸಾಕ್ಷಿ.

ದಿನಾಂಕ, ಹೊತ್ತು, ಆಡಿದ ಮಾತು, ಆದ ಗಾಯ ಒಂದು ಕಡೆ ಬರೆದಿಡಿ, ಅದು ಮನೆಯಲ್ಲಿ ಬೇಡ, ತಂಗಿಯದೋ ಗೆಳತಿಯದೋ ಹತ್ತಿರ ಇರಲಿ. ಗಾಯವಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗಾಯಿತೆಂದು ಇದ್ದದ್ದನ್ನೇ ಹೇಳಿ, ‘ಜಾರಿ ಬಿದ್ದೆ’ ಎನ್ನಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಬೈಗುಳ, ಮಾನಸಿಕ ಹಿಂಸೆ, ಖರ್ಚಿಗೆ ಕೊಡದಿರುವುದನ್ನೂ ದೌರ್ಜನ್ಯ ಎಂದೇ ಹೇಳುತ್ತದೆ. ಹತ್ತಿರ ಬಾರದಂತೆ ರಕ್ಷಣಾ ಆದೇಶ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚಿನ ಹಣ ಮೂರನ್ನೂ ಕೋರಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಉಚಿತ ವಕೀಲರಿಗೆ 15100. ಮಹಿಳೆಯರಿಗೆ ಕಾನೂನು ನೆರವು ಉಚಿತ, ಆದಾಯದ ಮಿತಿ ನೋಡುವುದಿಲ್ಲ. ದೂರು ಕೊಡುತ್ತೇನೆಂದು ಅವರಿಗೆ ಒಂಟಿಯಾಗಿ ಹೇಳಲು ಹೋಗಬೇಡಿ. ಹೊಡೆತ ಹೆಚ್ಚುವುದು ಆ ಹೊತ್ತಿನಲ್ಲೇ.

‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತಾರೆ. ನಾನು ಮುಂಗೋಪಿ. ಮಕ್ಕಳ ಮೇಲೆ ಕಿರುಚಿ ಆಮೇಲೆ ಸಂಕಟ ಪಡುತ್ತೇನೆ. ಈಗ ತಾಳ್ಮೆ ಇರುವವನಂತೆ ನಡೆದುಕೊಳ್ಳಲು ಹೊರಟಿದ್ದೇನೆ. ಇದೂ ನಟನೆಯೇ ಅಲ್ಲವೇ?
(ಹಾಸನ)

ಶುರುವಿನಲ್ಲಿ ಹೌದು. ಆದರೆ ಹಿಂದಿನ ಪತ್ರದ ಗಂಡನ ವಿನಯಕ್ಕೂ ನಿಮ್ಮ ಈ ನಟನೆಗೂ ಅಜಗಜಾಂತರ. ಅವರದು ನೋಡುವವರಿಗಾಗಿ, ನಿಮ್ಮದು ಯಾರೂ ನೋಡದ ನಿಮ್ಮ ಮನೆಯ ಒಳಗೆ, ನಿಮಗೇ ಕಷ್ಟವಾಗುವ ಕಡೆ. ಗಾದೆಯನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಬೇಗ ಬಿಸಿಯಾಗುವುದು ಹುಟ್ಟಿನಿಂದ ಬಂದಿರಬಹುದು, ಬಿಸಿಯಾದಾಗ ಬಾಯಿ ಏನು ಮಾಡುತ್ತದೆ ಎಂಬುದು ಅಭ್ಯಾಸ.

ಅಭ್ಯಾಸಕ್ಕೆ ಎಷ್ಟು ದಿನ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254ರ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡಲಿಲ್ಲ. ಅವರದು ಊಟದ ಜೊತೆ ನೀರು ಕುಡಿಯುವಂಥ ಸಣ್ಣ ಅಭ್ಯಾಸಗಳು, ಕೋಪಕ್ಕೆ ಇನ್ನೂ ಹೆಚ್ಚು ದಿನ ಹಿಡಿಯಬಹುದು ಎಂದುಕೊಂಡೇ ಹೊರಡಿ.

‘ಇನ್ನು ಮೇಲೆ ಸಿಟ್ಟು ಮಾಡಲ್ಲ’ ಎಂಬ ಸಂಕಲ್ಪ ಮೂರು ದಿನಕ್ಕೆ ಮುರಿಯುತ್ತದೆ, ಏಕೆಂದರೆ ಸಿಟ್ಟು ಬಂದ ಕ್ಷಣದಲ್ಲಿ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಒಂದು ವಾರ ಮೊದಲು ಬರೀ ಗುರುತು ಹಾಕಿ: ಕಿರುಚಿದ್ದು ಎಷ್ಟು ಹೊತ್ತಿಗೆ, ಏತಕ್ಕೆ. ಸಾಮಾನ್ಯವಾಗಿ ಅದು ಒಂದೆರಡು ಹೊತ್ತಿಗೇ ಬಂದು ನಿಲ್ಲುತ್ತದೆ, ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಮುಂಚಿನ ಅರ್ಧ ಗಂಟೆ, ರಾತ್ರಿ ಹೋಂವರ್ಕ್. ಒಂದನ್ನೇ ಹಿಡಿಯಿರಿ. ಅದಕ್ಕೆ ‘ಹೀಗಾದರೆ ಹೀಗೆ’ ಎಂಬ ಒಂದು ಸಾಲು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ: ‘ಸಾಕ್ಸ್ ಸಿಗಲಿಲ್ಲ ಎಂದು ಮಗ ಕೂಗಿದರೆ, ನಾನು ಉತ್ತರ ಕೊಡುವ ಮೊದಲು ಅವನ ಹತ್ತಿರ ನಡೆದು ಹೋಗುತ್ತೇನೆ.’ ದೂರದಿಂದ ಮಾತಾಡಿದರೆ ದನಿ ತಾನಾಗಿ ಏರುತ್ತದೆ, ಹತ್ತಿರ ನಿಂತರೆ ಇಳಿಯುತ್ತದೆ. ಕಾರಣವನ್ನೂ ಕಡಿಮೆ ಮಾಡಿ. ಸಾಕ್ಸ್, ಬೆಲ್ಟ್, ಐಡಿ ಕಾರ್ಡ್ ರಾತ್ರಿಯೇ ಒಂದು ಬುಟ್ಟಿಗೆ ಹಾಕಿಡಿ.

ತಪ್ಪಿ ಕಿರುಚಿದ ದಿನ ಚಾಕೊಲೇಟ್ ಕೊಟ್ಟು ಮುಚ್ಚಬೇಡಿ. ‘ಬೆಳಿಗ್ಗೆ ಕಿರುಚಿದ್ದು ನನ್ನ ತಪ್ಪು ಕಣೋ, ಸಾಕ್ಸ್‌ದಲ್ಲ’ ಎಂದು ಅವತ್ತು ಸಂಜೆಯೇ ಹೇಳಿ. ಹೇಳಿದ ಮೇಲೆ ಬುಟ್ಟಿ ತುಂಬಿದೆಯೇ ಎಂದು ಇಬ್ಬರೂ ಸೇರಿ ನೋಡಿ ಮಲಗಿ.